ಲಟ್ಟಣಿಗೆಗೆ ಸುತ್ತಿದ ಪ್ರೋಟೀನು

ಗುಬ್ಬಿಯಿಂದ ತುಮಕೂರಿಗೆ ಬರುವಷ್ಟರಲ್ಲಿ ಏನೇನಾಗಬಹುದಿತ್ತು ಗೊತ್ತೆ? ಕಾರು ಹಂಪ್ ಹಾರಿ, ಹಿಂದಿನ ಸೀಟಿನಲ್ಲಿಟ್ಟಿದ್ದ ಭಾವನ ತಂತಿ-ಮಣಿಯ ಮಾಡೆಲ್ ಮುರಿಯಬಹುದಿತ್ತು. ಅದರ ತಂತಿ ಚುಚ್ಚಿ ಸೀಟು ಹರಿಯಬಹುದಿತ್ತು. ಪೊಲೀಸರು ತಡೆದು, "ಏನ್ರೀ ಇದು, ಬಾಂಬಾ?" ಎನ್ನಬಹುದಿತ್ತು. "ಅಲ್ಲ ಸಾರ್, ಪ್ರೋಟೀನು" ಎಂದರೆ ನನ್ನನ್ನು ಇನ್ನೂ ಬೇಗ ಒಳಗೆ ಹಾಕಬಹುದಿತ್ತು! ಎಲ್ಲಕ್ಕಿಂತ ಕೆಟ್ಟದ್ದು, ತುಂಬಿದ ಸಭೆಯಲ್ಲಿ ನಮ್ಮಕ್ಕ ಕಟ್ಟಿಕೊಂಡ ಗಂಡನನ್ನೇ ತೋರಿಸಿ "ಯಾರಿವರು?" ಎಂದುಬಿಡಬಹುದಿತ್ತು.

ನಮ್ಮ ಭಾವನಿಗೆ ಹುಚ್ಚಿಲ್ಲ. ಇದ್ದಿದ್ದರೆ ಅದಕ್ಕೊಂದು ಮಾತ್ರೆಯಾದರೂ ಇರುತ್ತಿತ್ತು! ಗುಬ್ಬಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವ ಈ ಮಹಾನುಭಾವರು, ಅಕ್ಕನಿಗೆ ಮರೆವು ಶುರುವಾಗಿ, "ಮಿದುಳಲ್ಲಿ ಪ್ರೋಟೀನು ಮಡಿಕೆ ತಪ್ಪಿ ಗಂಟುಕಟ್ಟಿದೆ, ವಾಸಿಯಾಗೋದಲ್ಲ" ಎಂದು ಡಾಕ್ಟರು ಹೇಳಿದ ದಿನ, ಎಲ್ಲರಂತೆ ಅಳುವುದು ಬಿಟ್ಟು ಸೀದಾ ಹಾರ್ಡ್‌ವೇರ್ ಅಂಗಡಿಗೆ ಹೋದರು. ಆ ಪ್ರೋಟೀನಿನದೇ ಮಾಡೆಲ್ ಕಟ್ಟಲು ತಂತಿ, ಇಕ್ಕಳ ಬಂದವು. ಬಳೆ ಅಂಗಡಿಯಿಂದ ಮಣಿ ಬಂತು. ಸುರುಳಿ ಸುತ್ತಲು ಅಡುಗೆಮನೆಯ ಲಟ್ಟಣಿಗೆ ಜಪ್ತಿಯಾಯಿತು. ಅಂದಿನಿಂದ ಆ ಮನೆಯಲ್ಲಿ ಚಪಾತಿ ಇಲ್ಲ. ಮುದ್ದೆ ಇದೆ; ಮುದ್ದೆಗೆ ಮಡಿಕೆ ಇಲ್ಲವಲ್ಲ!

"ಪುಸ್ತಕದಲ್ಲೇ ಚಿತ್ರ ಇದೆಯಲ್ಲ ಭಾವ?" ಎಂದೆ.

"ಚಿತ್ರಕ್ಕೆ ಬೆನ್ನೇ ಇಲ್ಲ ಕಣಯ್ಯಾ! ಇದನ್ನ ತಿರುಗಿಸಿ ನೋಡು. ಸರ ಬಿಡಿಸಿದ್ರೆ ಈ ಕೆಂಪು ಮಣಿ ಎಲ್ಲೋ, ಆ ಕೆಂಪು ಮಣಿ ಎಲ್ಲೋ. ಮಡಿಚ್ಕೊಂಡಾಗ ನೋಡು, ಕೆನ್ನೆಗೆ ಕೆನ್ನೆ ಕೊಟ್ಟು ಕೂತಿವೆ. ಹಿಂಗೆ ಕೂತ್ರೇನೇ ಕೆಲಸ. ಮಡಿಕೆ ತಪ್ತೋ, ಮುಗೀತು."

"ಮುಗೀತು" ಎನ್ನುವಾಗ ಅವರು ಅಕ್ಕನ ಕಡೆ ನೋಡಲಿಲ್ಲ. ನಾನು ನೋಡಿದೆ. ನನಗೆ ಅದೇ ಕೆಲಸ.

ಕುಣಿಗಲ್ ಕಡೆ ಯಡಿಯೂರಿನಲ್ಲಿ ಒಂದು ನಾಮಕರಣದ ಊಟ. ಭಾವ ಎಲೆಯಿಂದ ಶಾವಿಗೆಯ ಎಳೆಯೊಂದನ್ನು ಎತ್ತಿ ಹಿಡಿದು ಪಕ್ಕದವರಿಗೆ ಪಾಠ ಶುರುಮಾಡಿದರು. ಬಡಿಸುವವನು ಕೈಮುಗಿದ: "ಸ್ವಾಮೀ, ಅದು ಪಾಯಸ. ತಿಂದ್ಬುಡಿ, ಮುಂದಿನ ಪಂಕ್ತಿಯೋರು ಕಾಯ್ತಾವ್ರೆ!"

ಆ ಪಂಕ್ತಿಯಲ್ಲೇ ಅಕ್ಕ ಎಡಗೈಯಲ್ಲಿ ಅನ್ನ ಕಲಸುತ್ತಿದ್ದಳು. ಅವಳು ಹುಟ್ಟಾ ಎಡಚಿ. ಅಜ್ಜಿ ಚಿಕ್ಕಂದಿನಲ್ಲಿ ಕೈಮೇಲೆ ಬಾರಿಸಿ ಬಾರಿಸಿ ಬಲಗೈ ಕಲಿಸಿದ್ದಳು. ಮರೆವು ಬಂದಾಗ ಮೊದಲು ಅಳಿಸಿಹೋದದ್ದು ಆ ಪಾಠವೇ. ಜನ ನೋಡುತ್ತಾರಲ್ಲ ಎಂದು ನಾನು ಬೆವರಿದೆ. ಭಾವ ತಮ್ಮ ಊಟವನ್ನೂ ಎಡಗೈಗೆ ಬದಲಾಯಿಸಿಕೊಂಡರು!

ಈಗ ತುಮಕೂರಿನ ಕಾಲೇಜೊಂದು ಮಾಡೆಲ್ ತೋರಿಸಿ ಮಾತಾಡಿ ಎಂದು ಅವರನ್ನು ಕರೆದಿತ್ತು. ಅಕ್ಕನೂ ಬರಬೇಕಂತೆ.

"ಅಷ್ಟು ಜನದ ನಡುವೆ ಅವಳ್ಯಾಕೆ ಭಾವ?"

"ಮಾಡಿದೋರಲ್ಲಿ ಅವಳೂ ಒಬ್ಬಳಯ್ಯಾ. ನೀನು ಗಾಡಿ ತೆಗಿ."

ಮಾಡೆಲ್ ಮುರಿಯಲಿಲ್ಲ. ಸೀಟು ಹರಿಯಲಿಲ್ಲ. ಪೊಲೀಸರು ಕಣ್ಣೆತ್ತಿಯೂ ನೋಡಲಿಲ್ಲ. ಮೊದಲ ಸಾಲಿನಲ್ಲಿ ಕೂತ ಅಕ್ಕ ಯಾರನ್ನೂ ಯಾರೆಂದು ಕೇಳಲಿಲ್ಲ. "ಆ ಮೇಷ್ಟ್ರು ಚೆನ್ನಾಗಿ ಹೇಳ್ತಾರೆ ಕಣೋ" ಎಂದು ನನ್ನ ಕಿವಿಯಲ್ಲಷ್ಟೇ ಹೇಳಿದಳು. ಅದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಎಡವಟ್ಟಾದದ್ದು ಒಂದೇ. ಭಾಷಣ ಮುಗಿದ ಮೇಲೆ ಅಲ್ಲಿನ ಮೇಡಂ ಒಬ್ಬರು ಮಾಡೆಲ್ ಸುತ್ತ ಬಂದು ಬಗ್ಗಿ ನೋಡಿದರು. "ಸರ್, ಸುರುಳಿ ಎಲ್ಲಾ ಬಲಕ್ಕೆ ತಿರುಗಿವೆ, ಸರಿ. ಇದೊಂದು ಯಾಕೆ ಎಡಕ್ಕಿದೆ?"

ನಮ್ಮ ಭಾವನೋ, ಮಣಿಯೊಂದು ಆಚೀಚೆಯಾದರೂ ಇಡೀ ಸರ ಬಿಚ್ಚುವ ಆಸಾಮಿ! ನಾನು ಗಾಬರಿಯಾಗಿ ಚೀಲದಿಂದ ಇಕ್ಕಳ ತೆಗೆದೆ. ಭಾವ ನನ್ನ ಕೈ ಹಿಡಿದುಕೊಂಡರು.

"ಇರ್ಲಿ ಬುಡಯ್ಯಾ. ಅದು ನಿಮ್ಮಕ್ಕ ಸುತ್ತಿದ್ದು."