ಇಪ್ಪತ್ತನಾಲ್ಕನೆಯ ಚಾನೆಲ್ಲಿಗೆ ಕುಂಕುಮ ಸಾಲಲಿಲ್ಲ

ಹಳೆಯ ಯಂತ್ರಗಳನ್ನು ಕೊಳ್ಳುವವರಲ್ಲಿ ಎರಡು ಬಗೆ. ಹೊಸದಕ್ಕೆ ದುಡ್ಡಿಲ್ಲದೆ ಕೊಳ್ಳುವವರು ಒಂದು ಬಗೆ. ಹೊಸದಕ್ಕೆ ದುಡ್ಡಿಲ್ಲ ಎಂದು ಹೇಳಲು ನಾಚಿಕೊಂಡು, 'ಹಳೆಯದರ ಗತ್ತೇ ಬೇರೆ ಕಣ್ರೀ' ಎನ್ನುವವರು ಇನ್ನೊಂದು ಬಗೆ. ನಾನು ಎರಡನೆಯ ಬಗೆಯವನು. ಈ ತಪ್ಪೊಪ್ಪಿಗೆಯ ಜೊತೆಗೆ ಇನ್ನೊಂದನ್ನೂ ಸೇರಿಸಿಬಿಡುತ್ತೇನೆ: ನಾನು ದೇವರು ದಿಂಡರನ್ನು ನಂಬುವವನಲ್ಲ. ದೆಹಲಿಯ ಮುನಿರ್ಕಾದಲ್ಲಿರುವ ನಮ್ಮ ಕನ್ನಡಿಗರ ಸಣ್ಣ ಗುಂಪಿನಲ್ಲಿ, ಸ್ಕೂಟರಿನ ಚಕ್ರದ ಕೆಳಗೆ ನಿಂಬೆಹಣ್ಣು ಇಡುವವರನ್ನು ಗೇಲಿ ಮಾಡಿ ಮಾಡಿ ಹೆಸರು ಕೆಡಿಸಿಕೊಂಡವನು. ಈ ಎರಡೂ ಗುಣಗಳು ಒಂದೇ ವಾರದಲ್ಲಿ ನನ್ನ ಮೇಲೆ ತಿರುಗಿಬಿದ್ದವು.

ಹಗಲು ನಾನು ಒಂದು ಕಂಪನಿಯಲ್ಲಿ ಅನುವಾದಕ. ಬಿಡುವಿನ ವೇಳೆಯಲ್ಲಿ ಜಾಹೀರಾತುಗಳಿಗೆ ಕನ್ನಡದ ದನಿ. ದೆಹಲಿಯ ಟ್ರ್ಯಾಕ್ಟರು, ಗೊಬ್ಬರ, ಸೊಳ್ಳೆಬತ್ತಿಗಳು ಕನ್ನಡದಲ್ಲಿ ಮಾತಾಡಬೇಕಾದರೆ ಬಹುಪಾಲು ನನ್ನ ಗಂಟಲಿನಿಂದಲೇ ಮಾತಾಡುತ್ತಿದ್ದವು. ಊರಿನಲ್ಲಿ ಅಮ್ಮನಿಗೆ ಫೋನು ಮಾಡಿದರೆ, 'ನಿನ್ನೆ ರೇಡಿಯೋದಲ್ಲಿ ನೀನು ಗೊಬ್ಬರ ಮಾರ್ತಿದ್ದೆ, ನೆಗಡಿ ಆಗಿತ್ತಾ' ಎಂದು ಕೇಳುತ್ತಿದ್ದಳು. ಇಂಥ ಕೀರ್ತಿ ತಲೆಗೇರಿ, ನನ್ನದೇ ಒಂದು ಸ್ಟುಡಿಯೋ ಇರಬೇಕೆಂಬ ಆಸೆ ಹುಟ್ಟಿತು. ಆಗ ಎಲ್ಲ ಸ್ಟುಡಿಯೋಗಳೂ ಕಂಪ್ಯೂಟರಿಗೆ ಬದಲಾಗುತ್ತಿದ್ದ ಕಾಲ. ಮಂಚದಷ್ಟು ಉದ್ದದ ಹಳೆಯ ಮಿಕ್ಸರುಗಳನ್ನು ಕೇಳುವವರಿರಲಿಲ್ಲ. ಮಿಕ್ಸರ್ ಎಂದರೆ ಅಡುಗೆಮನೆಯದ್ದಲ್ಲ; ಹಲವು ಮೈಕುಗಳ ದನಿಯನ್ನು ಚಾನೆಲ್ ಎಂಬ ಒಂದೊಂದು ಸಾಲಿನಲ್ಲಿ ಹಿಡಿದು, ಮೇಲೆ ಕೆಳಗೆ ಜಾರುವ ಗುಂಡಿಗಳಿಂದ ಹದಮಾಡಿ ಬೆರೆಸುವ ಯಂತ್ರ. ನೋಯ್ಡಾದಲ್ಲಿ ಜಾಗರಣದ ಭಜನೆಗಳ ಕ್ಯಾಸೆಟ್ಟು ಮಾಡುತ್ತಿದ್ದ ಹರ್ಬನ್ಸ್‌ಜಿ ಎಂಬ ಹಿರಿಯರು ಇಪ್ಪತ್ತನಾಲ್ಕು ಚಾನೆಲ್ಲಿನ ತಮ್ಮ ಮಿಕ್ಸರನ್ನು ನನಗೆ ಮಾರಿದರು. ಮಗಳನ್ನು ಕಳಿಸಿಕೊಡುವವರ ಹಾಗೆ ಅದರ ಬೆನ್ನು ಸವರಿ, ಪ್ರೀತಿಯಿಂದ ನೋಡಿಕೊ ಎಂಬಂತೆ 'ಪ್ಯಾರ್ ಸೇ ರಖ್‌ನಾ' ಎಂದರು. ಒಂಬತ್ತು ಮತ್ತು ಹದಿನೇಳನೆಯ ಚಾನೆಲ್ಲುಗಳು ಸತ್ತಿವೆ ಎಂಬುದನ್ನು ಟೆಂಪೋ ಹೊರಟ ಮೇಲೆ ಕೂಗಿ ಹೇಳಿದರು.

ಮುನಿರ್ಕಾದ ಗಲ್ಲಿಯಲ್ಲಿ ಇಬ್ಬರು ದಪ್ಪನೆಯವರು ಎದುರಾದರೆ ಒಬ್ಬರು ಹಿಂದಕ್ಕೆ ಹೋಗಬೇಕು. ಮೂರನೆಯ ಮಹಡಿಯ ನಮ್ಮ ಮನೆಗೆ ಅದನ್ನು ನಾಲ್ಕು ಜನ ಹೊತ್ತು ತರುವಾಗ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡು, ಕೆಳಗಿನವರು ಮೇಲೆ ಬರಲಾಗದೆ, ಮೇಲಿನವರು ಕೆಳಗಿಳಿಯಲಾಗದೆ ಇಡೀ ಕಟ್ಟಡ ಒಂದು ಗಂಟೆ ನನ್ನನ್ನು ಬೈಯಿತು. ನನ್ನ ಹೆಂಡತಿ ವಸುಧಾ ಶಾಲೆಯಲ್ಲಿ ಭೌತಶಾಸ್ತ್ರ ಹೇಳಿಕೊಡುವವಳು. ಅವಳು ಯಂತ್ರವನ್ನೂ ನನ್ನನ್ನೂ ನೋಡಿ, 'ಒಬ್ಬಳ ಮಾತೇ ನಿಮ್ಮ ಕಿವಿಗೆ ಬೀಳೋಲ್ಲ. ಇಪ್ಪತ್ತನಾಲ್ಕು ಜನರದ್ದು ಕೇಳಿ ಏನು ಮಾಡ್ತೀರಿ' ಎಂದಳು. ಮಗಳ ಕೋಣೆಯ ಗೋಡೆಗಳಿಗೆ ಮನೆಯ ರಜಾಯಿಗಳನ್ನೆಲ್ಲ ಮೊಳೆ ಹೊಡೆದು ನೇತುಹಾಕಿದೆ. ಹತ್ತಿ ತುಂಬಿದ ರಜಾಯಿ ಹೊರಗಿನ ಸದ್ದನ್ನು ಚೆನ್ನಾಗಿ ನುಂಗುತ್ತದೆ. ಚಳಿಗಾಲಕ್ಕೆ ಏನು ಹೊದೆಯುವುದು ಎಂಬ ಪ್ರಶ್ನೆಯನ್ನು ಆಗ ಯಾರೂ ಎತ್ತಲಿಲ್ಲ, ಎತ್ತಿದವರ ಮಾತು ನನ್ನ ಕಿವಿಗೆ ಬೀಳಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಇದು ಬರೀ ಗಂಡಹೆಂಡಿರ ವಿಷಯವಾಗಿರುತ್ತಿತ್ತು. ಆದರೆ ನಾನು ಕನ್ನಡಿಗರ ಒಂದು ಊಟದ ಕೂಟದಲ್ಲಿ, ಹೋಳಿಗೆಯ ಎಲೆಯ ಮುಂದೆ, 'ಈ ಮಿಕ್ಸರಿನಲ್ಲಿ ಬರೋ ದನಿಯ ಬಿಸುಪು ಯಾವ ಕಂಪ್ಯೂಟರಿಗೂ ಬರೋಲ್ಲ' ಎಂದು ಕೊಚ್ಚಿಕೊಂಡೆ. ಪಕ್ಕದಲ್ಲಿ ಕೂತಿದ್ದವರು ಕರ್ನಲ್ ಸೋಮಯ್ಯ, ಕೊಡಗಿನವರು. ಊಟ ಮುಗಿದ ಮೇಲೆ ನನ್ನನ್ನು ಬದಿಗೆ ಕರೆದರು. ಅವರ ತಾಯಿ ಬೊಳ್ಳಮ್ಮನವರ ಗಂಟಲಿನಲ್ಲಿ ಗಂಟಾಗಿತ್ತು. ಆಪರೇಷನ್ನಿಗೆಂದು ಮಗನ ಮನೆಗೆ ಬಂದಿದ್ದರು. ದನಿ ಮೊದಲಿನಂತೆ ಉಳಿಯಬಹುದು, ಉಳಿಯದೆಯೂ ಇರಬಹುದು ಎಂದು ಡಾಕ್ಟರು ಹೇಳಿದ್ದರು. ಮದುವೆಯ ಹಾಡು, ತೊಟ್ಟಿಲ ಹಾಡು ಎಂದು ಬೊಳ್ಳಮ್ಮನವರಿಗೆ ನೂರಾರು ಹಾಡುಗಳು ಬಾಯಿಗೆ ಬರುತ್ತಿದ್ದವು. ಒಂದೂ ಎಲ್ಲಿಯೂ ದಾಖಲಾಗಿರಲಿಲ್ಲ. 'ದಸರಾ ದಿನ ಸಂಜೆ ಅವ್ವನ್ನ ಆಸ್ಪತ್ರೆಗೆ ಸೇರಿಸಬೇಕು. ಅವತ್ತು ಬೆಳಿಗ್ಗೆ ನಿಮ್ಮಲ್ಲಿಗೆ ಕರ್ಕೊಂಡು ಬರ್ಲಾ?' ಎಂದರು. ಕೇಳಿದ ದನಿಯಲ್ಲಿ ಕರ್ನಲ್ ಇರಲಿಲ್ಲ, ಬರೀ ಮಗನಿದ್ದ. ನಾನು ಒಪ್ಪಿಕೊಂಡೆ. ಮನೆಗೆ ಬರುವ ದಾರಿಯಲ್ಲೇ ನನಗೆ ಹೆದರಿಕೆ ಶುರುವಾಯಿತು.

ಹೆದರಿಕೆ ಬಂದಾಗ ಮನುಷ್ಯ ತನ್ನ ಅಭಿಪ್ರಾಯಗಳನ್ನು ಎಷ್ಟು ಬೇಗ ಕೆಳಗಿಳಿಸುತ್ತಾನೆ ಎಂಬುದಕ್ಕೆ ನಾನೇ ಸಾಕ್ಷಿ. ದಸರೆಯ ಹಿಂದಿನ ದಿನ ಆಯುಧಪೂಜೆ. ವಸುಧಾ ಮಾರುಕಟ್ಟೆಗೆ ಹೋಗಿದ್ದಳು. ನಾನು ಮೈಸೂರಿನಿಂದ ಬಂದ ಕುಂಕುಮದ ಭರಣಿ ತೆಗೆದುಕೊಂಡು ಮಿಕ್ಸರಿನ ಮುಂದೆ ನಿಂತೆ. ಒಂದು ಬೊಟ್ಟು ಇಟ್ಟು ಸುಮ್ಮನಾಗಬಹುದಿತ್ತು. ಆದರೆ ಯಾವ ಚಾನೆಲ್ಲು ಮುನಿಸಿಕೊಳ್ಳುತ್ತದೋ ಹೇಳುವುದು ಹೇಗೆ? ಒಂದನೆಯದರಿಂದ ಹಿಡಿದು ಒಂದೊಂದಕ್ಕೂ ಧಾರಾಳವಾಗಿ ಅರಿಸಿನ, ಕುಂಕುಮ ಇಟ್ಟೆ. ಸತ್ತ ಎರಡಕ್ಕೂ ಇಟ್ಟೆ. ಒಳಗಿರುವ ಹಾಡುಗಾರರ ಜೊತೆ ಹೊರಗಿನಿಂದ ಮಾತಾಡಲು ಒತ್ತುವ ಒಂದು ಕೆಂಪು ಗುಂಡಿಯಿದೆ; ಮುಖ್ಯವಾದದ್ದೆಂದು ಅದಕ್ಕೆ ಎರಡು ಚಿಟಿಕೆ ಹೆಚ್ಚಿಗೆ ಹಾಕಿದೆ. ಇಪ್ಪತ್ತಮೂರು ಮುಗಿಯುವ ಹೊತ್ತಿಗೆ ಭರಣಿಯೂ ಖಾಲಿಯಾಯಿತು. ಇಪ್ಪತ್ತನಾಲ್ಕನೆಯದಕ್ಕೆ ಬರೀ ಕೈ ಮುಗಿದೆ. ಆಟ ಮುಗಿಸಿ ಬಂದ ಮಗಳು ನೋಡಿ, ತನ್ನ ದೆಹಲಿ ಕನ್ನಡದಲ್ಲಿ, 'ಅಪ್ಪಾ, ಇದಕ್ಕೆ ಇತನೀ ಸಾರೀ ಬಿಂದಿ ಯಾಕೆ?' ಎಂದಳು. ವಸುಧಾ ಬರುವುದರೊಳಗೆ ಬಟ್ಟೆಯಿಂದ ಮೇಲುಮೇಲೆ ಒರೆಸಿಬಿಟ್ಟೆ. ಒರೆಸಿದ್ದೆಲ್ಲ ಗುಂಡಿಗಳು ಜಾರುವ ಸೀಳಿನೊಳಕ್ಕೆ ಇಳಿಯಿತೆಂದು ಆಗ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಎಂಟೂವರೆಗೆ ಯಂತ್ರ ಹಚ್ಚಿ ಮೊದಲ ಗುಂಡಿಯನ್ನು ಸರಿಸಿದೆ. ಯಾರೋ ಕಿವಿಯೊಳಗೆ ಹಪ್ಪಳ ಮುರಿದಂತಾಯಿತು. ಎರಡನೆಯದೂ ಹಾಗೆಯೇ. ಎಂಟನೆಯ ಗುಂಡಿಯವರೆಗೆ ಬಂದಾಗ ನನ್ನ ಅಂಗಿ ಬೆನ್ನಿಗಂಟಿತ್ತು. ಒಂಬತ್ತೂವರೆಗೆ ಅವರು ಬರುತ್ತಾರೆ. ಹನ್ನೊಂದಕ್ಕೆ ಹತ್ತಿರದ ರಾಮಲೀಲಾ ಮೈದಾನದ ಮೈಕು ಶುರುವಾದರೆ ಯಾವ ರಜಾಯಿಯೂ ತಡೆಯುವುದಿಲ್ಲ. ಹರ್ಬನ್ಸ್‌ಜಿಗೆ ಫೋನು ಮಾಡಿ, ಎಂಥ ಮಾಲು ಕೊಟ್ಟಿರಿ ಎಂದು ಜೋರು ಮಾಡಿದೆ. ಅವರು ಶಾಂತವಾಗಿ, 'ಕಲ್ ಪೂಜಾ ಕೀ ಥೀ ಕ್ಯಾ?' ಎಂದರು. ನಿನ್ನೆ ಪೂಜೆ ಮಾಡಿದ್ದನ್ನು ಒಪ್ಪಿಕೊಂಡೆ. 'ಹರ್ ಸಾಲ್ ಹೋತಾ ಹೈ, ಬೇಟಾ' ಎಂದು, ವರ್ಷವರ್ಷವೂ ಆಗುವುದೇ ಎಂಬಂತೆ ಸಮಾಧಾನ ಮಾಡಿ, ಬಿಚ್ಚಿ ತೊಳೆಯಲು ಎರಡು ದಿನ ಬೇಕೆಂದರು. ಅಷ್ಟರಲ್ಲಿ ಬಾಗಿಲಲ್ಲಿ ವಸುಧಾ ಖಾಲಿ ಭರಣಿ ಹಿಡಿದು ನಿಂತಿದ್ದಳು.

ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. 'ಮೈಕನ್ನ ನೇರವಾಗಿ ಕಂಪ್ಯೂಟರಿಗೆ ಹಾಕೋಕೆ ಆಗಲ್ವಾ?' ಎಂದು ಮಾತ್ರ ಕೇಳಿದಳು. ಆಗುವುದಿಲ್ಲ, ಆ ಮೈಕಿಗೆ ಬೇಕಾದ ಕರೆಂಟು ಮಿಕ್ಸರಿನಿಂದಲೇ ಹೋಗಬೇಕು. ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆಯಿತು. ಕರ್ನಲ್ ಹೇಳಿದ ಹೊತ್ತಿಗೆ ಒಂದು ನಿಮಿಷ ಆಚೆಯಿಲ್ಲ, ಈಚೆಯಿಲ್ಲ. ಅವರ ತೋಳು ಹಿಡಿದು ಬೊಳ್ಳಮ್ಮನವರು, ಹಿಂದಕ್ಕೆ ನೆರಿಗೆ ಹಾಕಿ ಉಟ್ಟ ಸೀರೆ, ತಲೆಗೆ ವಸ್ತ್ರ, ಮದುವೆಗೆ ಬಂದವರಂತೆ ಸಿದ್ಧವಾಗಿ ಬಂದಿದ್ದರು. ಮೂರು ಮಹಡಿ ಹತ್ತಿದ ಸುಸ್ತಿನಲ್ಲೂ ನನ್ನನ್ನು ನೋಡಿ ನಕ್ಕರು. ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ನಡೆದದ್ದನ್ನೆಲ್ಲ ಕರ್ನಲರಿಗೆ ಹೇಳಿಬಿಟ್ಟೆ. ಅವರು ಮಿಕ್ಸರನ್ನು ಸೋತ ಸಿಪಾಯಿಯನ್ನು ನೋಡುವಂತೆ ನೋಡಿ, 'ನಾವೂ ಕೈಲ್‌ಪೋಳ್ದ್ ದಿನ ಕೋವಿಗೆ ಪೂಜೆ ಮಾಡ್ತೀವಿ. ತುದಿಗೆ ಒಂದು ಹೂವು ಸಿಕ್ಕಿಸ್ತೀವಿ. ನಳಿಗೆಯೊಳಗೆ ಕುಂಕುಮ ಸುರಿಯೋದಿಲ್ಲ' ಎಂದರು.

ಬಗ್ಗಿ ನೋಡುತ್ತಿದ್ದ ವಸುಧಾ ತಲೆಯೆತ್ತಿದಳು. 'ಈ ಕೊನೇದು ಬೆಳ್ಳಗಿದೆಯಲ್ಲ?' ಇಪ್ಪತ್ತನಾಲ್ಕನೆಯ ಚಾನೆಲ್ಲು. ಗುಂಡಿ ಸರಿಸಿದೆ. ಒಂದಿಷ್ಟೂ ಸದ್ದಿಲ್ಲದೆ ಬೆಣ್ಣೆಯ ಮೇಲೆ ಜಾರಿದಂತೆ ಜಾರಿತು. ಪೂಜೆಯಿಲ್ಲದೆ ಉಳಿದದ್ದೊಂದೇ ನನ್ನ ಮಾನ ಕಾಯಲು ಎದ್ದು ನಿಂತಿತ್ತು.

ಬೊಳ್ಳಮ್ಮನವರನ್ನು ರಜಾಯಿಗಳ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಬಾಗಿಲು ಮುಚ್ಚಿ ಹೊರಗೆ ಮಿಕ್ಸರಿನ ಹತ್ತಿರ ಬಂದೆ. ಕೆಂಪು ಗುಂಡಿ ಒತ್ತಿ, 'ಶುರು ಮಾಡಿ ಅಮ್ಮ' ಎಂದೆ. ಮೊದಲ ಹಾಡು ನಾಲ್ಕು ಸಾಲು ಬರುವಷ್ಟರಲ್ಲಿ ದನಿ ಒಡೆಯಿತು. ಬಾಗಿಲಿನ ಗಾಜಿನ ಕಿಂಡಿಯಲ್ಲಿ ಅವರು ಗಂಟಲ ಮೇಲೆ ಕೈಯಿಟ್ಟುಕೊಂಡು ಕೂತದ್ದು ಕಂಡಿತು. ಕರ್ನಲ್ ಗೋಡೆಗೆ ಒರಗದೆ ನೆಟ್ಟಗೆ ನಿಂತಿದ್ದರು, ಕಣ್ಣು ಮಾತ್ರ ನೆಲದ ಮೇಲಿತ್ತು. ಕೆಳಗಿನ ಗಲ್ಲಿಯಲ್ಲಿ ತರಕಾರಿ ಗಾಡಿಯವನ ಕೂಗು ಹತ್ತಿರವಾಗತೊಡಗಿತು. ಸುತ್ತ ಇದ್ದವರನ್ನು ಮರೆತು ನಾನು ಮಿಕ್ಸರಿನ ಮೇಲೆ ಬಾಗಿ ಗೊಣಗತೊಡಗಿದೆ: 'ತಾಯಿ ಚಾಮುಂಡಿ, ಇದೊಂದು ಸಲ ಕಾಪಾಡು. ಇನ್ಮೇಲೆ ಯಾರ ನಿಂಬೆಹಣ್ಣನ್ನೂ ಗೇಲಿ ಮಾಡೋಲ್ಲ. ಭಯ್ಯಾ, ನಿನ್ನ ಕಾಲಿಗೆ ಬೀಳ್ತೀನಿ, ಆಲೂಗಡ್ಡೇನ ಪಕ್ಕದ ಗಲ್ಲಿಗೆ ತಗೊಂಡು ಹೋಗು. ಕೈ ನಡುಗ್ತಾ ಇದೆಯಲ್ಲಪ್ಪಾ ದೇವರೇ.'

ಒಳಗೆ ಬೊಳ್ಳಮ್ಮನವರು ತಲೆಯೆತ್ತಿದರು. ಒಂದು ಗುಟುಕು ನೀರು ಕುಡಿದರು. ಮತ್ತೆ ಹಾಡು ಎತ್ತಿಕೊಂಡಾಗ ಅದು ಬೇರೆಯದೇ ದನಿ. ಒಂದಾದ ಮೇಲೊಂದರಂತೆ ಒಂಬತ್ತು ಹಾಡು ಹಾಡಿದರು. ನಡುನಡುವೆ ನನ್ನ ಗೊಣಗಾಟವೂ ಸಾಗಿತ್ತು. ತೊಟ್ಟಿಲ ಹಾಡು ಬಂದಾಗ ಕರ್ನಲ್ ಗೋಡೆಯ ಕಡೆ ತಿರುಗಿ ನಿಂತರು. ವಸುಧಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೊನೆಯ ಹಾಡು ಮುಗಿದು ಎರಡು ನಿಮಿಷಕ್ಕೆ ರಾಮಲೀಲಾ ಮೈದಾನದಿಂದ 'ಹಲೋ, ಹಲೋ, ಮೈಕ್ ಚೆಕ್' ಕೇಳಿಸಿತು.

ಬೊಳ್ಳಮ್ಮನವರು ಹೊರಗೆ ಬಂದು ನೇರ ನನ್ನ ಹತ್ತಿರ ಬಂದರು. 'ನಿಮ್ಮ ಕೈ ನಡುಗೋದು ನಿಂತಿತಾ ಮಗ?' ಎಂದು ಕೇಳಿದರು. ನಾನು ಕೆಂಪು ಗುಂಡಿಯ ಕಡೆ ನೋಡಿದೆ. ಎರಡು ಚಿಟಿಕೆ ಹೆಚ್ಚಿಗೆ ಕುಂಕುಮ ತಿಂದು ಅದು ಒತ್ತಿದಲ್ಲೇ ಕಚ್ಚಿಕೊಂಡಿತ್ತು. ಶುರುವಿನಿಂದ ಕೊನೆಯವರೆಗೆ ನನ್ನ ಪ್ರತಿಯೊಂದು ಮಾತೂ ಅವರ ಕಿವಿಗೆ ಹೋಗಿತ್ತು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ನನ್ನ ಕೈ ಹಿಡಿದುಕೊಂಡು ಹೇಳಿದರು: 'ಹೆದರಬೇಡಿ, ಹೆದರಬೇಡಿ ಅಂತಲೇ ಎಲ್ಲರೂ ನನಗೆ ಹೇಳ್ತಿದ್ರು. ಮಗನೂ ಅಷ್ಟೆ, ಡಾಕ್ಟರೂ ಅಷ್ಟೆ. ಕಿವಿಯಲ್ಲಿ ನನಗಿಂತ ಹೆಚ್ಚು ಹೆದರಿದವರೊಬ್ಬರು ಸಿಕ್ಕಿದ್ರು ನೋಡಿ, ನನ್ನ ಹೆದರಿಕೆ ಹೋಯ್ತು.'

ಆಪರೇಷನ್ ಸುಸೂತ್ರವಾಗಿ ಆಯಿತು. ಮಾತು ಉಳಿಯಿತು, ಹಾಡು ಉಳಿಯಲಿಲ್ಲ. ಸೀಡಿಗಳು ಕೊಡಗಿಗೆ ಹೋದವು. ಹೆಡ್‌ಫೋನಿನಿಂದ ಸೋರಿ ಮೈಕಿಗೆ ಸಿಕ್ಕಿದ ನನ್ನ ದನಿ ಹಾಡುಗಳ ನಡುವಿನ ಬಿಡುವಿನಲ್ಲಿ ಸಣ್ಣಗೆ ಕೇಳುತ್ತದೆ. ಅದನ್ನು ಕತ್ತರಿಸಿ ತೆಗೆಯುತ್ತೇನೆಂದು ನಾನು ಬೇಡಿಕೊಂಡರೂ ಬೊಳ್ಳಮ್ಮನವರು ಬಿಡಲಿಲ್ಲ. ಈಗ ಅವರ ನೆಂಟರಿಷ್ಟರ ಮನೆಗಳಲ್ಲಿ ಮದುವೆ, ನಾಮಕರಣಗಳಿಗೆ ಆ ಸೀಡಿ ಹಾಕುತ್ತಾರಂತೆ. ಮೊನ್ನೆ ಕರ್ನಲ್ ಫೋನು ಮಾಡಿದ್ದರು. ಅವ್ವನ ಹಾಡುಗಳ ನಡುವೆ ಅಷ್ಟು ಭಕ್ತಿಯಿಂದ ಪ್ರಾರ್ಥನೆ ಮಾಡುವ ದೆಹಲಿಯ ಪುರೋಹಿತರು ಯಾರು, ಗೃಹಪ್ರವೇಶಕ್ಕೆ ಬರುತ್ತಾರೆಯೇ ಎಂದು ಊರಿನಲ್ಲಿ ಯಾರೋ ವಿಚಾರಿಸಿದರಂತೆ.