ಕಲ್ಲುತಿಟ್ಟಿಗೆ ದೋಣಿ

ಎಲ್ಲದಕ್ಕೂ ಕಾರಣ ಒಂದು ಚೀಟಿ.

ಆರೋಗ್ಯ ಇಲಾಖೆಯಲ್ಲಿ ಹತ್ತೊಂಬತ್ತು ವರ್ಷದಿಂದ ದ್ವಿತೀಯ ದರ್ಜೆ ಗುಮಾಸ್ತನಾಗಿಯೇ ಉಳಿದಿದ್ದ ಮಂಡ್ಯದ ಶ್ರೀಕಾಂತ್, ಬಡ್ತಿಗೆ ಅನುಕೂಲವಾದೀತೆಂದು ಸಾರ್ವಜನಿಕ ಆಡಳಿತದ ಎಂ.ಎ. ಕಟ್ಟಿದ್ದ. ಕೊನೆಯ ವರ್ಷದ ಪ್ರಬಂಧಕ್ಕೆ ವಿಷಯ ಹಂಚಲು ಅಧ್ಯಯನ ಕೇಂದ್ರದವರು ಸ್ಟೀಲ್ ಡಬ್ಬಿಯಲ್ಲಿ ಚೀಟಿ ಹಾಕಿ ಕುಲುಕಿದರು. ಅವನ ಮುಂದೆ ನಿಂತವನಿಗೆ ‘ಗ್ರಾಮಾಡಳಿತ ಮತ್ತು ಬೀದಿ ದೀಪ’ ಬಂತು. ಇವನಿಗೆ ಬಂದದ್ದು ‘ದ್ವೀಪ ಸಮುದಾಯಗಳಲ್ಲಿ ಸಾರ್ವಜನಿಕ ಆಡಳಿತ ಮತ್ತು ಆರೋಗ್ಯ ಸೇವೆಗಳ ನಿರ್ವಹಣೆ’. ಅವನಿಗೆ ದೀಪ, ಇವನಿಗೆ ದ್ವೀಪ. ಒಂದು ಒತ್ತಕ್ಷರ ಹೆಚ್ಚಾದ ತಪ್ಪಿಗೆ ಶ್ರೀಕಾಂತ್ ಹೋಗಿ ನೀರಿನ ಮಧ್ಯೆ ನಿಲ್ಲಬೇಕಾಯಿತು.

“ಸಮುದ್ರ ದಾಟ್ಬೇಕೇನೋ?” ತಾಯಿ ತಿರುಮಲಮ್ಮ ಗಾಬರಿಯಾದರು. “ನಾಲೆ ಏರಿ ಮೇಲೆ ನಡೆದ್ರೇ ನಿನಗೆ ತಲೆ ಸುತ್ತತ್ತೆ!”

ಪರಿಹಾರ ಹೇಳಿದವನು ಪಕ್ಕದ ಮೇಜಿನ ಸಂತೋಷ್. ಅವನಿಗೆ ಇಲಾಖೆಯ ಸುತ್ತೋಲೆಗಳೆಲ್ಲ ಬಾಯಿಪಾಠ. “ಸಮುದ್ರ ಯಾಕೆ ಸಾರ್? ಮಳವಳ್ಳಿ ಆಚೆ, ಹೊಳೆ ಮಧ್ಯದಲ್ಲಿ ಕಲ್ಲುತಿಟ್ಟು ಅಂತ ಊರೇ ಇದೆ. ಸುತ್ತ ನೀರಿದ್ರೆ ದ್ವೀಪ ತಾನೆ? ಆ ಊರಿನ ಆರೋಗ್ಯ ಸಮೀಕ್ಷೆ ನಮ್ಮ ಆಫೀಸಲ್ಲೂ ಬಾಕಿ ಬಿದ್ದಿದೆ. ಎರಡೂ ಕೆಲಸ ಒಂದೇ ದಿನಕ್ಕೆ ಮುಗೀತದೆ.”

ಆಗಸ್ಟ್ ತಿಂಗಳ ಒಂದು ಬುಧವಾರ ಶ್ರೀಕಾಂತ್ ಚೀಲದ ತುಂಬ ನಮೂನೆಗಳನ್ನು ತುಂಬಿಕೊಂಡು ಹೊರಟ. ಮದ್ದೂರಿನಲ್ಲಿ ಬಸ್ಸು ಕೆಟ್ಟಿತು. ಮಳವಳ್ಳಿಯಲ್ಲಿ ಆಟೋದವನು ತಪ್ಪು ದಾರಿ ಹಿಡಿದ. ಹೊಳೆ ದಂಡೆ ಮುಟ್ಟುವಾಗ ಹತ್ತೂವರೆ. ಅಲ್ಲಿ ನಾಗಯ್ಯನೆಂಬವನು ತೆಪ್ಪದೊಳಗೆ ಕೂತು ಬೀಡಿ ಸೇದುತ್ತಿದ್ದ.

“ನಡುಕ್ ಕೂತ್ಕಳಿ ಸಾಮಿ. ಅಳ್ಳಾಡ್ಬ್ಯಾಡಿ,” ಎಂದ.

ತೆಪ್ಪ ಬುಗುರಿಯ ಹಾಗೆ ಸುತ್ತುತ್ತ ಹೊರಟಿತು. ಶ್ರೀಕಾಂತ್ ಚೀಲವನ್ನು ತಬ್ಬಿಕೊಂಡು ಕಣ್ಣು ಮುಚ್ಚಿದವನು, ಆಚೆ ದಡ ತಾಗಿದ ಮೇಲೂ ತೆರೆಯಲಿಲ್ಲ.

ತೆರೆದಾಗ ಎದುರಿಗೆ ಇಪ್ಪತ್ತು ಜನ ಸಾಲಾಗಿ ನಿಂತಿದ್ದರು. ಮೊದಲಿನ ಮುದುಕಿ ನಾಲಿಗೆ ಚಾಚಿಕೊಂಡಿದ್ದಳು.

“ನಾನು ಡಾಕ್ಟರಲ್ಲಮ್ಮ. ಗುಮಾಸ್ತ.”

“ಆರೋಗ್ಯ ಇಲಾಖೆ ಗುಮಾಸ್ತ್ರು ತಾನೆ? ಈಟು ನೋಡ್ಬುಡಿ,” ಎಂದು ಅವಳು ನಾಲಿಗೆಯನ್ನು ಇನ್ನಷ್ಟು ಚಾಚಿದಳು. ಅವನು ನೋಡಿದ. ಚೆನ್ನಾಗಿದೆ ಎಂದ. ಅದೇ ತಪ್ಪಾಯಿತು. ಉಳಿದ ಹತ್ತೊಂಬತ್ತು ನಾಲಿಗೆಗಳನ್ನೂ ನೋಡಬೇಕಾಯಿತು.

ಅವನನ್ನು ಬಿಡಿಸಿದವನು ಚಿಕ್ಕಮಾದಯ್ಯ. ಎಪ್ಪತ್ತೊಂದರ ಮುದುಕ, ಹೆಗಲ ಮೇಲೆ ಕೆಂಪು ಟವೆಲ್ಲು, ಬಾಯಿ ತುಂಬ ಎಲೆಅಡಿಕೆ. “ಎಲ್ಲಾ ಸರ್ಕಳ್ರಪ್ಪ! ಸಾಮೇರು ತಲೆ ಎಣ್ಸಕ್ಕೆ ಬಂದವ್ರೆ, ನಾಲಿಗೆ ಎಣ್ಸಕ್ಕಲ್ಲ,” ಎಂದು ಗದರಿ, ತಾನೇ ಮುಂದಾಗಿ ಮನೆ ಮನೆಗೆ ಕರೆದೊಯ್ದ.

ಅಧ್ಯಯನ ಕೇಂದ್ರದವರು ಕೊಟ್ಟ ಪ್ರಶ್ನಾವಳಿಯನ್ನು ಯಾರೋ ಯಾವುದೋ ಸಮುದ್ರದ ನಡುವೆ ಕೂತು ಬರೆದಿದ್ದರು. “ನಿಮ್ಮ ದ್ವೀಪಕ್ಕೆ ಹಡಗು ವಾರಕ್ಕೆ ಎಷ್ಟು ಬಾರಿ ಬರುತ್ತದೆ?” ಶ್ರೀಕಾಂತ್ ನಾಚುತ್ತಲೇ ಓದಿದ.

ಚಿಕ್ಕಮಾದಯ್ಯ ಗಂಭೀರವಾಗಿ ಯೋಚಿಸಿದ. “ನಾಗಯ್ಯನ ತೆಪ್ಪನೇ ಹಡಗು ಅಂತ ಬರ್ಕಳಿ. ಅವನು ಕುಡೀದಿದ್ರೆ ದಿನಾ ಬತ್ತದೆ.”

“ಹತ್ತಿರದ ಆಸ್ಪತ್ರೆಗೆ ಎಷ್ಟು ನಿಮಿಷ?”

“ಓಗಕ್ಕಾ, ವಾಪಸ್ ಬರಕ್ಕಾ?”

“ಹೋಗೋಕೆ.”

“ಹೊಳೆ ಬುಟ್ರೆ ಮುಕ್ಕಾಲು ಗಂಟೆ. ಬುಡದಿದ್ರೆ ಓಗದೇ ಇಲ್ಲ. ಯಾವ್ದ್ ಬರ್ಕತೀರೋ ಬರ್ಕಳಿ.”

ನಮೂನೆಯಲ್ಲಿ ಅದಕ್ಕೆ ಜಾಗ ಇರಲಿಲ್ಲ. ಶ್ರೀಕಾಂತ್ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದುಕೊಂಡ. ಹತ್ತೊಂಬತ್ತು ವರ್ಷದಲ್ಲಿ ಅವನು ಎಷ್ಟೋ ಊರುಗಳ ಅಂಕಿಅಂಶ ಕೂಡಿ ಕಳೆದಿದ್ದ. ಒಂದು ಊರಿನೊಳಗೆ ಹೀಗೆ ಬಂದು ನಿಂತದ್ದು ಇದೇ ಮೊದಲು.

ಬಿಸಿಲೇರಿತು. ಐವತ್ತೆಂಟು ಮನೆಗಳಲ್ಲಿ ಕೊನೆಯದು ಚಿಕ್ಕಮಾದಯ್ಯನದೇ; ಅದರ ಹಾಳೆಯೂ ತುಂಬಿತು. ಅವನ ಹೆಂಡತಿ ಶಿವನಂಜಮ್ಮ ಮಜ್ಜಿಗೆ ತಂದಿಟ್ಟು ಗಂಡನ ಮುಖ ನೋಡಿದಳು. “ಎದೆ ಹಿಡ್ಕತದೆ ಅಂತ ನಿನ್ನೆಯಿಂದ ಯೋಳ್ತಿದ್ದೋನು, ಊರೆಲ್ಲಾ ಸುತ್ಕ ಬಂದ್ಯಲ್ಲ.”

“ಸಾಮೇರಿಗೆ ದಾರಿ ತೋರ್ಸೋರು ಯಾರಮ್ಮಿ?” ಎಂದ ಚಿಕ್ಕಮಾದಯ್ಯ. ಎಂದವನು ಅಲ್ಲೇ ಕಂಬ ಹಿಡಿದು ಕುಸಿದ.

ಶ್ರೀಕಾಂತನ ಕೈಯಿಂದ ಲೋಟ ಬಿತ್ತು. ಅವನು ಆಂಬುಲೆನ್ಸಿಗೆ ಫೋನು ಮಾಡಿದ. ನಾಲ್ಕು ಜನ ಮುದುಕನನ್ನು ಮಂಚದ ಸಮೇತ ಎತ್ತಿಕೊಂಡು ಹೊಳೆ ದಂಡೆಗೆ ಓಡಿದರು. ಅಲ್ಲಿ ನಾಗಯ್ಯ ತೆಪ್ಪವನ್ನು ಮೇಲೆಳೆದು ಮಗುಚಿ ಹಾಕುತ್ತಿದ್ದ. ಬೆಳಿಗ್ಗೆ ಕಾಣುತ್ತಿದ್ದ ಬಂಡೆಗಳು ಒಂದೂ ಕಾಣುತ್ತಿರಲಿಲ್ಲ.

“ಮೇಲಿಂದ ನೀರು ಬುಟ್ಟವ್ರೆ ಸಾಮಿ. ಈಗ ಇಳುದ್ರೆ ತೆಪ್ಪನೂ ಇಲ್ಲ, ನಾವೂ ಇಲ್ಲ. ಇಂಜಿನ್ ದೋಣಿ ಇದ್ದಿದ್ರೆ ಓಯ್ತಿತ್ತು.”

ಆಂಬುಲೆನ್ಸ್ ಬಂತು. ಇಪ್ಪತ್ತೈದು ನಿಮಿಷಕ್ಕೇ ಬಂತು. ಬಂದು ಆಚೆ ದಡದಲ್ಲಿ, ಎಲ್ಲರಿಗೂ ಕಾಣುವ ಹಾಗೆ, ನೀಲಿ ದೀಪ ತಿರುಗಿಸುತ್ತ ನಿಂತಿತು. ಅದರ ಡ್ರೈವರ್ ಮಂಡಿಯುದ್ದ ನೀರಿಗಿಳಿದು ಕೈ ಬೀಸಿದ. ಇವರೂ ಬೀಸಿದರು.

ಶ್ರೀಕಾಂತ್ ತನಗೆ ಗೊತ್ತಿದ್ದ ನಂಬರುಗಳಿಗೆಲ್ಲ ಫೋನು ಮಾಡಿದ. ಒಬ್ಬರು ಮೀಟಿಂಗಿನಲ್ಲಿದ್ದರು. ಇನ್ನೊಬ್ಬರು ಲಿಖಿತವಾಗಿ ಕೊಡಿ ಎಂದರು. ಮೂರನೆಯವರು ಸಂಬಂಧಪಟ್ಟ ಶಾಖೆಯ ನಂಬರು ಕೊಟ್ಟರು. ಒತ್ತಿ ನೋಡಿದರೆ ಅದು ತನ್ನದೇ ಮೇಜಿನ ಫೋನು. ಸಂತೋಷ್ ಎತ್ತಿದ.

“ದೋಣಿ ಆಂಬುಲೆನ್ಸಾ? ಯೋಜನೆ ಇದೆ ಸಾರ್. ಆದ್ರೆ ಇನ್ನೂರೈವತ್ತು ಜನಸಂಖ್ಯೆ ಇರ್ಬೇಕು. ನಿಮ್ಮ ಸಮೀಕ್ಷೇಲಿ ಎಷ್ಟು ಬಂತು?”

ಗದ್ದಲದಲ್ಲಿ ಕೇಳಲೆಂದು ಫೋನಿನ ಸ್ಪೀಕರ್ ಹಾಕಿದ್ದರಿಂದ ಊರಿಗೂರೇ ಕೇಳಿಸಿಕೊಳ್ಳುತ್ತಿತ್ತು. ಶ್ರೀಕಾಂತ್ ಹಾಳೆ ತಿರುವಿದ.

“ಇನ್ನೂರೈವತ್ತು. ಸರಿಯಾಗಿ ಇನ್ನೂರೈವತ್ತು!”

“ಅದೃಷ್ಟ ಸಾರ್! ಹಾಗಾದ್ರೆ ಪ್ರಸ್ತಾವನೆ ಕಳಿಸ್ಬಹುದು. ಆರು ತಿಂಗಳಲ್ಲಿ ಬಂದ್ಬಿಡತ್ತೆ.”

ಶಿವನಂಜಮ್ಮ ಗಂಡನ ಎದೆ ನೀವುತ್ತಿದ್ದಳು. “ಏನಂತೆ? ದೋಣಿ ಬತ್ತದಂತಾ?”

ಶ್ರೀಕಾಂತ್ ಮಂಚದ ಪಕ್ಕ ಕೂತ. ಚಿಕ್ಕಮಾದಯ್ಯ ಅವನ ಕೈ ಹಿಡಿದು ಏನೋ ಹೇಳಲು ಹೋದ. ನೀರಿನ ಸದ್ದಿಗೆ ಕೇಳಿಸಲಿಲ್ಲ. ನಾಲ್ಕೂಕಾಲಿಗೆ ಹಿಡಿದ ಕೈ ಸಡಿಲವಾಯಿತು. ಆಚೆ ದಡದಲ್ಲಿ ದೀಪ ಇನ್ನೂ ತಿರುಗುತ್ತಲೇ ಇತ್ತು. ಬರಬೇಡಿ ಎಂದು ಕೈಸನ್ನೆಯಲ್ಲಿ ತಿಳಿಸುವುದು ಹೇಗೆಂದು ಯಾರಿಗೂ ಗೊತ್ತಾಗದೆ, ಕೊನೆಗೆ ನಾಗಯ್ಯ ತಲೆಯ ಮೇಲಿನ ಟವೆಲ್ಲು ತೆಗೆದು ಸುಮ್ಮನೆ ನಿಂತ. ಡ್ರೈವರಿಗೆ ಅರ್ಥವಾಯಿತು.

ಮರುದಿನ ಬೆಳಿಗ್ಗೆ ನೀರು ಇಳಿಯಿತು. ಮಣ್ಣು ಮಾಡಿ ಬಂದ ಜನ ಹಾಗೇ ತೆಪ್ಪದ ಹತ್ತಿರ ಬಂದು ನಿಂತರು. ನಾಗಯ್ಯ ಮೆಲ್ಲಗೆ ಕೇಳಿದ: “ಈಗ ಎಷ್ಟಾಯ್ತು ಸಾಮಿ ಲೆಕ್ಕ?”

“ಇನ್ನೂರ ನಲವತ್ತೊಂಬತ್ತು.”

ಕೇಳಬೇಕಾದ್ದನ್ನು ಕೇಳಲು ಎಲ್ಲರಿಗೂ ಸಂಕೋಚ. ಶ್ರೀಕಾಂತ್ ಚಿಕ್ಕಮಾದಯ್ಯನ ಹೆಸರಿದ್ದ ಹಾಳೆ ತೆಗೆದ. ಹತ್ತೊಂಬತ್ತು ವರ್ಷ ಒಂದೂ ಸುಳ್ಳಂಕಿ ಬರೆಯದ ಕೈ ಅದು. ಪೆನ್ನಿನ ಮುಚ್ಚಳ ಬಿಚ್ಚಿದ. ಹೆಸರನ್ನು ಹೊಡೆದು ಹಾಕಲಿಲ್ಲ. ಷರಾ ಕಾಲಮ್ಮಿನಲ್ಲಿ ‘ಹೃದ್ರೋಗಿ, ತುರ್ತು ಚಿಕಿತ್ಸೆ ಅಗತ್ಯ, ನೀರು ಬಂದರೆ ಆಸ್ಪತ್ರೆಗೆ ದಾರಿಯಿಲ್ಲ’ ಎಂದು ದುಂಡಗೆ ಬರೆದು, ಅಂದಿನ ತಾರೀಖು ಹಾಕಿ ಸಹಿ ಮಾಡಿದ.

ಮಂಡ್ಯಕ್ಕೆ ಬಂದವನೇ ಪ್ರಸ್ತಾವನೆ ತಯಾರಿಸಿದ. ಕಡತದ ಹಿಂದೆ ಮೇಜಿನಿಂದ ಮೇಜಿಗೆ ಅಲೆದ. ಮುಚ್ಚಿದ ಬಾಗಿಲುಗಳ ಮುಂದೆ ಸಂಜೆಯವರೆಗೆ ಕಾದ. ಪ್ರಬಂಧ ಬರೆಯುವುದನ್ನು ಮರೆತ; ಎಂ.ಎ. ಆ ವರ್ಷ ಮುಳುಗಿತು. ಆದರೆ ಏಳನೇ ತಿಂಗಳಲ್ಲಿ ಕಲ್ಲುತಿಟ್ಟಿಗೆ ಇಂಜಿನ್ ದೋಣಿ ಮಂಜೂರಾಯಿತು. ಅಂದು ಅವನು ಕಚೇರಿಯವರಿಗೆಲ್ಲ ಕಾಫಿ ಕೊಡಿಸಿದ.

ಕಾಫಿ ಲೋಟ ಕೆಳಗಿಡುವ ಮೊದಲೇ ಬಾಗಿಲಲ್ಲಿ ಶಿವನಂಜಮ್ಮ ಕಂಡಳು. ಮೂರು ಬಸ್ಸು ಹತ್ತಿ ಇಳಿದು ಬಂದಿದ್ದಳು. ಬರಿಗಾಲು ಧೂಳಾಗಿತ್ತು.

“ಸಾಮಿ, ಪಂಚಾಯ್ತಿಯೋರು ಅವರ ಸಾವಿನ ಪತ್ರ ಕೊಡಕಿಲ್ಲ ಅಂತಾರೆ. ಅದಿಲ್ದೆ ನಂಗೆ ವಿಧವಾ ಪಿಂಚಣಿನೂ ಇಲ್ಲ. ಆರೋಗ್ಯ ಇಲಾಖೆಯೋರು ಸತ್ತ್ ಮಾರನೇ ದಿಸ ಬಂದು ನೋಡವ್ರೆ, ನಿನ್ ಗಂಡ ಬದುಕವ್ನೆ, ಸಹಿ ಐತೆ ಅಂತ ಕಾಗ್ದ ತೋರುಸ್ತಾರೆ. ಮಣ್ ಮಾಡ್ದೋಳು ನಾನು. ನಾನ್ ಯೋಳಿದ್ರೆ ನಂಬಕಿಲ್ಲ ಕಣ್ ಸಾಮಿ.”

ಶ್ರೀಕಾಂತ್ ಅವಳನ್ನು ಬೆಂಚಿನ ಮೇಲೆ ಕೂರಿಸಿ, ಎದುರಿಗೆ ತಾನೂ ಕೂತು, ಏನೂ ಮುಚ್ಚಿಡದೆ ಹೇಳಿದ. ಅವರು ಸತ್ತರೆಂದು ತಿದ್ದಿದರೆ ಇನ್ನೂರ ನಲವತ್ತೊಂಬತ್ತು. ದೋಣಿ ವಾಪಸ್ಸು ಹೋಗುತ್ತದೆ. ತನ್ನ ಕೆಲಸವೂ ಹೋಗಬಹುದು. “ಆದ್ರೂ ತಿದ್ದಿಕೊಡ್ತೀನಮ್ಮ. ನೀವು ಹೇಳಿದ ಹಾಗೆ.”

ಶಿವನಂಜಮ್ಮ ಸೆರಗಿನ ತುದಿಯಿಂದ ಕಾಲಿನ ಧೂಳು ಒರೆಸಿಕೊಂಡಳು.

“ನಮ್ಮ ಪಕ್ಕದ್ಮನೆ ಎಣ್ಮಗ ಏಳ್ ತಿಂಗಳ ಬಸ್ರಿ,” ಎಂದಳು. “ಇರ್ಲಿ ಬುಡಿ. ದೋಣಿ ಬರಗಂಟ ಅವ್ರು ಬದುಕೇ ಇರ್ಲಿ. ನಾನು ಹೆಂಗೋ ಇದ್ದೀನಲ್ಲ.”

ಅಷ್ಟರಲ್ಲಿ ಸಂತೋಷ್ ಹಲ್ಲು ಕಿರಿಯುತ್ತ ಓಡಿ ಬಂದ. “ಕಂಗ್ರಾಟ್ಸ್ ಸಾರ್! ನಿಮ್ಮ ವರದಿ ಓದಿ ಸಾಹೇಬ್ರು ಕಣ್ಣೀರು ಹಾಕಿದ್ರಂತೆ. ಸೋಮವಾರ ದೋಣಿ ಉದ್ಘಾಟನೆ. ಪೇಪರಿನೋರು, ಟೀವಿಯೋರು ಎಲ್ಲಾ ಬರ್ತಾರೆ. ಆದೇಶ ನೋಡಿ, ನಿಮ್ಮ ಹೆಸರೂ ಇದೆ!”

ಶ್ರೀಕಾಂತ್ ಹಾಳೆಯನ್ನು ಓದಿದ. ಇನ್ನೊಮ್ಮೆ ಓದಿದ. ‘ದೋಣಿಯ ಪ್ರಥಮ ಪ್ರಯಾಣಿಕರಾಗಿ ಹೃದ್ರೋಗಿ ಶ್ರೀ ಚಿಕ್ಕಮಾದಯ್ಯನವರನ್ನು ಆಸ್ಪತ್ರೆಗೆ ಕರೆತರತಕ್ಕದ್ದು. ಜವಾಬ್ದಾರಿ: ಶ್ರೀಕಾಂತ್, ದ್ವಿ.ದ.ಸ.’

“ಏನಂತೆ ಸಾಮಿ?” ಶಿವನಂಜಮ್ಮ ಅವನ ಮುಖ ನೋಡಿ ಕೇಳಿದಳು.

ಅವಳಿಗಲ್ಲದೆ ಇನ್ನಾರಿಗೆ ಹೇಳುವುದು?

“ದೋಣಿ ಬರ್ತಿದೆಯಂತಮ್ಮ. ನಿಮ್ಮ ಯಜಮಾನ್ರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ.”

ಅವಳು ಸೆರಗು ಸರಿಮಾಡಿಕೊಳ್ಳುತ್ತಿದ್ದ ಕೈಯನ್ನು ಅಲ್ಲೇ ನಿಲ್ಲಿಸಿದಳು.

“ಈಗ್ಲಾ?” ಎಂದಳು.