ಸೊಳ್ಳೆ ಸಾಕಿದ ಮನೆ

ಪ್ರತಿ ಮನೆಯವರೂ ಏನಾದರೊಂದನ್ನು ಸಾಕಿಕೊಂಡಿರುತ್ತಾರೆ. ಕೆಲವರು ಹಸು, ಕೆಲವರು ಕೋಳಿ, ಏನೂ ಇಲ್ಲದವರು ಪಕ್ಕದ ಮನೆಯವರ ಮೇಲೆ ಒಂದು ಹಳೆಯ ಸಿಟ್ಟನ್ನಾದರೂ ಸಾಕಿರುತ್ತಾರೆ. ನಾವು ಸೊಳ್ಳೆ ಸಾಕಿದೆವು. ಹೀಗೆಂದರೆ ಜನ ನಗುತ್ತಾರೆ, ಸೊಳ್ಳೆ ಇಲ್ಲದ ಮನೆ ಯಾವುದಿದೆ ಎನ್ನುತ್ತಾರೆ. ಇರುವುದು ಬೇರೆ, ಸಾಕುವುದು ಬೇರೆ. ನಾವು ಅವುಗಳಿಗೆ ಹೊತ್ತಿಗೆ ಸರಿಯಾಗಿ ನೆನೆಸಿದ ಒಣದ್ರಾಕ್ಷಿ ಇಡುತ್ತಿದ್ದೆವು. ಬೋಗುಣಿಯ ನೀರಿನಲ್ಲಿ ಕುಣಿಯುವ ಅವುಗಳ ಮರಿಗಳಿಗೆ ಬಿಸ್ಕತ್ತು ಪುಡಿ ಮಾಡಿ ಉದುರಿಸುತ್ತಿದ್ದೆವು. ನಮ್ಮ ಅತ್ತೆ ಅದನ್ನು ನೋಡಿದಾಗಲೆಲ್ಲ, "ನಾನ್ ಹೆತ್ತ ಮಕ್ಳು ಬಿಸ್ಕತ್ತು ಕಂಡದ್ದು ಜ್ವರ ಬಂದಾಗ. ಇವಕ್ಕೆ ಜ್ವರ ತರಾಕೆ ಬಿಸ್ಕತ್ತಾ?" ಎನ್ನುತ್ತಿದ್ದರು. ನಾನು ಪುಡಿ ಉದುರಿಸುತ್ತಲೇ ಇರುತ್ತಿದ್ದೆ.

ಸೊಳ್ಳೆಗಳ ನಿಜವಾದ ಒಡತಿ ರಾಜಿ, ನನ್ನ ಮೈದುನನ ಮಗಳು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಆ ಕಾಲದಲ್ಲಿ ಅವಳು ತಮಿಳುನಾಡಿನ ದಿಂಡಿಗಲ್ಲಿನ ಕಾಲೇಜೊಂದರಲ್ಲಿ ಹುಳುಹುಪ್ಪಟೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ನಮ್ಮ ಬೇಲಿಗಳಲ್ಲೇ ಬೆಳೆಯುವ ಲಕ್ಕಿ ಸೊಪ್ಪಿನಿಂದ ರಸ ತೆಗೆದು ಸೊಳ್ಳೆ ಕೊಲ್ಲುವುದು ಅವಳ ವಿಷಯ. ಅದಕ್ಕೆ ಮೊದಲು ಅಂಗಡಿಯ ಮದ್ದಿಗೆ ಸಾಯದ ಸೊಳ್ಳೆ ಬೇಕಿತ್ತಂತೆ. ಎಲ್ಲೆಲ್ಲೋ ಹುಡುಕಿ, ಕೊನೆಗೆ ಕಂಬಂ ಕಣಿವೆಯ ನಮ್ಮ ದ್ರಾಕ್ಷಿ ತೋಟದ ಕೊಟ್ಟಿಗೆಯಲ್ಲಿ ಹಿಡಿದವು ಬೇಕಾದಂಥವೆಂದು ಗೊತ್ತಾಯಿತು. ದಿಂಡಿಗಲ್ಲಿನ ಸೊಳ್ಳೆಗಳು ಮದ್ದು ಬಳಿದ ಕಾಗದದ ಮೇಲೆ ಕೂತರೆ ಕಾಲು ಮೇಲೆ ಮಾಡಿ ಬೀಳುತ್ತಿದ್ದವು. ನಮ್ಮವು ಅದೇ ಕಾಗದದ ಮೇಲೆ ಜಗಲಿಯಲ್ಲಿ ಕೂತವರಂತೆ ಕೂತು, ಎದ್ದು ಹೋಗುತ್ತಿದ್ದವು. ನಮ್ಮ ಯಜಮಾನರಿಗೆ ಇದು ತೋಟಕ್ಕೆ ಸಿಕ್ಕ ಬಹುಮಾನದಂತೆ ಕಂಡಿತು. "ನಮ್ ತೋಟದ್ದು ಅಂದ್ರೆ ಸುಮ್ನೆನಾ!" ಎಂದು ಊರಲ್ಲಿ ಹೇಳಿಕೊಂಡು ಬಂದರು.

"ವಾರವಾರ ದ್ರಾಕ್ಷಿಗೆ ಹೊಡೆಯೋ ಮದ್ದು ಅವಕ್ಕೆ ಅಭ್ಯಾಸ ಆಗಿರ್ಬೇಕು, ನಮಗೆ ಕಾಪಿ ಆದಂಗೆ," ಎಂದೆ ನಾನು.

"ಅಂಗಲ್ಲ ದೊಡ್ಡವ್ವ. ಅಭ್ಯಾಸ ಆಗೋ ತನಕ ಯಾವ ಸೊಳ್ಳೆ ಬದುಕಿರ್ತದೆ? ಸಾಯೋವು ಸತ್ತೋಯ್ತವೆ. ಏನೋ ಒಂದು ಗುಣದಿಂದ ಉಳ್ಕಂಡವು ಮೊಟ್ಟೆ ಇಕ್ತವೆ. ಆ ಮರಿಗೂ ಅದೇ ಗುಣ ಬತ್ತದೆ," ಎಂದಳು ರಾಜಿ.

ಅವಳು ಮಾಡುತ್ತಿದ್ದದ್ದೂ ಅದನ್ನೇ. ನಮ್ಮ ಮನೆಯ ಹಿಂಭಾಗದ ಉಗ್ರಾಣದಲ್ಲಿ ಸೊಳ್ಳೆಪರದೆ ಬಟ್ಟೆಯ ಪಂಜರಗಳನ್ನು ಇಟ್ಟುಕೊಂಡು, ಮದ್ದು ತಾಗಿಸಿ, ಉಳಿದವನ್ನು ಸಾಕಿ, ಅವುಗಳ ಮಕ್ಕಳಿಗೆ ಮತ್ತೆ ಮದ್ದು ತಾಗಿಸಿ, ಹೀಗೆ ತಲೆಮಾರುಗಳನ್ನು ದಾಟಿಸಿದ್ದಳು. ಹೆಣ್ಣು ಸೊಳ್ಳೆಗೆ ರಕ್ತ ಬೇಕೆಂದು ಆಗಾಗ ಒಂದು ಕೋಳಿಯನ್ನು ಪಂಜರದಲ್ಲಿ ಕೂರಿಸುತ್ತಿದ್ದಳು. ಒಟ್ಟಿನಲ್ಲಿ ಕಣಿವೆಯ ಅತ್ಯಂತ ಗಟ್ಟಿ ಸೊಳ್ಳೆಗಳು ನಮ್ಮ ಹುಣಸೆಹಣ್ಣಿನ ಜಾಡಿಯ ಪಕ್ಕದಲ್ಲಿ ಬೆಳೆಯುತ್ತಿದ್ದವು.

ನನ್ನ ಮಗಳು ಸೆಲ್ವಿ ಹೆರಿಗೆಗೆ ಬರುವ ಮೊದಲೇ ರಾಜಿ ಪಂಜರಗಳನ್ನು ದಿಂಡಿಗಲ್ಲಿಗೆ ಒಯ್ಯುವುದೆಂದು ಮಾತಾಗಿತ್ತು. ಆದರೆ ಕೂಸು ಯಾರ ಮಾತನ್ನೂ ಕೇಳದೆ ತಿಂಗಳು ತುಂಬುವ ಮುಂಚೆಯೇ ಬಂದುಬಿಟ್ಟಿತು. ಹೆಣ್ಣು ಕೂಸು. ಎತ್ತಿಕೊಂಡರೆ ಕೈಯಲ್ಲಿ ಏನಾದರೂ ಇದೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕು, ಅಷ್ಟು ಹಗುರ. ತೇನಿಯ ಡಾಕ್ಟರಮ್ಮ ಮನೆಗೆ ಕಳಿಸುವಾಗ, "ಹಾಲು ಕುಡಿಸಿ, ಬೆಚ್ಚಗಿಡಿ. ಜ್ವರ ಮಾತ್ರ ಬರಬಾರದು, ಈ ಮೈ ತಡೆಯಲ್ಲ," ಎಂದಿದ್ದರು. ನಮ್ಮ ಬೀದಿಯಲ್ಲೇ ಒಂದು ಮಗು ಸೊಳ್ಳೆ ಕಚ್ಚಿದ ಜ್ವರದಿಂದ ಆಸ್ಪತ್ರೆ ಸೇರಿತ್ತು. ಕೂಸು ಮನೆ ಸೇರಿತೆಂದು ತಿಳಿದದ್ದೇ ರಾಜಿ ದಿಂಡಿಗಲ್ಲಿನಿಂದ ಬಂದು, ಮರುದಿನ ಬೆಳಿಗ್ಗೆಗೆ ವ್ಯಾನು ಗೊತ್ತುಮಾಡಿದಳು.

ಎಲ್ಲ ಕೆಡಿಸಲು ಆ ಒಂದು ದಿನ ನನಗೆ ಸಾಕಾಯಿತು. ಬೆಳಿಗ್ಗೆ ರಾಜಿ, "ದೊಡ್ಡವ್ವ, ದ್ರಾಕ್ಷಿ ಇಡ್ತೀಯಾ?" ಎಂದಳು. ಪಂಜರಕ್ಕೆ ಕೈ ಹಾಕಲು ರವಿಕೆಯ ತೋಳಿನಂಥ ಒಂದು ಬಟ್ಟೆ ಹೊಲಿದಿರುತ್ತದೆ, ಕೈ ತೆಗೆದ ಮೇಲೆ ದಾರದಿಂದ ಕಟ್ಟಬೇಕು. ನಾನು ಮಲ್ಲಿಗೆ ಕಟ್ಟುತ್ತಿದ್ದವಳು ಹಾಗೇ ಎದ್ದು ಹೋದೆ. ದ್ರಾಕ್ಷಿ ಇಟ್ಟು ನೋಡಿದರೆ ದಾರ ಕಾಣಲಿಲ್ಲ. ನನ್ನ ಬೆರಳಿಗೆ ನೆನೆದ ಬಾಳೆನಾರು ಸುತ್ತಿಕೊಂಡಿತ್ತು. ಸೊಪ್ಪಿನ ಕಟ್ಟು, ಹೂವು, ಕೊನೆಗೆ ಹಿತ್ತಲಿನ ಗೇಟನ್ನೂ ಬಾಳೆನಾರಿನಲ್ಲೇ ಕಟ್ಟುವ ಕೈ ಇದು. ಹೂವಿಗೆ ಹಾಕುವ ಗಂಟನ್ನೇ ಹಾಕಿ ಬಂದೆ. ಹೂವಿನ ಗಂಟು ಸಂಜೆಯವರೆಗೆ ಉಳಿದರೆ ಸಾಕು, ಮುಡಿದವಳು ಹೇಗೂ ಕಿತ್ತು ಹಾಕುತ್ತಾಳೆ. ಬಿಸಿಲೇರಿದಂತೆ ನಾರು ಒಣಗಿ ಸಡಿಲವಾಯಿತು. ದೀಪ ಹಚ್ಚುವ ಹೊತ್ತಿಗೆ ಎಣ್ಣೆ ತರಲು ಉಗ್ರಾಣಕ್ಕೆ ಹೋದರೆ, ಪಂಜರದ ತೋಳು ನಾಲಿಗೆಯ ಹಾಗೆ ನೇತಾಡುತ್ತಿತ್ತು.

ನನ್ನ ಕೂಗಿಗೆ ಮನೆಯೆಲ್ಲ ಓಡಿಬಂತು. ರಾಜಿ ಮೊದಲು ತೋಳನ್ನು ಬಿಗಿದು, ಪಂಜರದೊಳಗೆ ಕಣ್ಣಾಡಿಸಿ, "ಕೊಂಚವೇ ಉಳ್ದವೆ. ಮಿಕ್ಕವು ಮನೆ ಒಳಗವೆ," ಎಂದಳು. ಸೆಲ್ವಿ ಒಳಕೋಣೆಗೆ ಓಡಿ ಕೂಸಿನ ಮೇಲೆ ಬಗ್ಗಿ ಕೂತಳು.

"ಕೂಸನ್ನ ಪಕ್ಕದ ಮನೆಗೆ ಎತ್ಕೊಂಡೋಗಾನ," ಎಂದೆ.

"ಮುಸ್ಸಂಜೆಲಿ ಹಸಿ ಬಾಣಂತಿ ಹೊಸ್ಲು ದಾಟ್ತಾಳಾ? ನಾನ್ ಬದುಕಿರೋ ತನಕ ಆಗಲ್ಲ," ಎಂದರು ಅತ್ತೆ. ಅದೂ ಮುಗಿಯಿತು.

ಯಜಮಾನರು ಬೆನ್ನಿಗೆ ದ್ರಾಕ್ಷಿಯ ಸ್ಪ್ರೇಯರ್ ಏರಿಸಿಕೊಂಡು ಯುದ್ಧಕ್ಕೆ ಹೊರಟವರಂತೆ ಬಂದರು.

"ದೊಡ್ಡಪ್ಪ, ಆ ಮದ್ದಲ್ಲೇ ಬೆಳೆದ ಜಾತಿ ಅವು. ಅವು ಸಾಯಲ್ಲ, ಕೂಸಿಗೆ ಉಸಿರು ಕಟ್ತದೆ!" ಎಂದಳು ರಾಜಿ.

"ಹಂಗಾರೆ ಸೊಳ್ಳೆ ಕಾಯಿಲ್ ಹಚ್ಚಾನಾ?"

"ಅದ್ರ ಹೊಗೆನೂ ಕೂಸಿಗೆ ಆಗಲ್ಲ."

"ನಿನ್ ಸೊಪ್ಪಿನ ರಸ ಐತಲ್ಲಮ್ಮಾ! ಎರಡು ವರ್ಷ ಅದನ್ನೇ ಅರೆದ್ಯಲ್ಲ!"

ರಾಜಿ ತಲೆ ತಗ್ಗಿಸಿದಳು. "ಅದು ನೀರಲ್ಲಿರೋ ಮರಿಗೆ ಮಾತ್ರ ದೊಡ್ಡಪ್ಪ. ಹಾರೋವಕ್ಕೆ ಏನೂ ಆಗಲ್ಲ. ಸೊಪ್ಪಿನದು ಅಂತ ಕೂಸಿನ ಮೈಗೂ ಹಚ್ಚಂಗಿಲ್ಲ."

ಅಷ್ಟರಲ್ಲಿ ಗುಂಯ್ ಎಂಬ ಸದ್ದು ಕೇಳಿಸಿತು. ಅಷ್ಟು ವರ್ಷ ಸೊಳ್ಳೆಯ ಸದ್ದು ಕೇಳಿದ್ದೇನೆ, ಅಂದು ಕೇಳಿದಂತೆ ಎಂದೂ ಕೇಳಿರಲಿಲ್ಲ.

"ಕೋಳಿ ಇರೋ ಕಡೆ ಬತ್ತವೆ. ಆದ್ರೆ ಪುಕ್ಕದೊಳಗೆ ಕೂತ್ರೆ ಹಿಡಿಯಾಕಾಗಲ್ಲ," ಎಂದು ರಾಜಿ ತನಗೆ ತಾನೇ ಹೇಳಿಕೊಂಡು ನನ್ನ ಕಡೆ ನೋಡಿದಳು. ನನಗೆ ಅರ್ಥವಾಯಿತು. ಗಂಟು ಹಾಕಿದವಳೇ ಕೋಳಿಯಾಗಬೇಕು, ಅದು ನ್ಯಾಯ.

ಒಳಕೋಣೆಯ ಬಾಗಿಲು ಮುಚ್ಚಿ, ಅಡಿಯ ಸಂದಿಗೆ ಒದ್ದೆ ಟವಲು ತುರುಕಿದೆವು. ಅತ್ತೆ ಆ ಬಾಗಿಲಿಗೆ ಬೆನ್ನು ಕೊಟ್ಟು ಕೂತರು. ಯಜಮಾನರು ಕಿಟಕಿಗಳನ್ನು ಮುಚ್ಚಿ, ತಮ್ಮ ಯುದ್ಧ ಮುಗಿಯಿತೆಂದು ಜಗಲಿಗೆ ಹೋದರು. ನಾನು ನಡುಮನೆಯಲ್ಲಿ ಸೀರೆಯನ್ನು ಮೊಣಕಾಲಿಗೆ ಏರಿಸಿ, ತೋಳು ಚಾಚಿ ಕೂತೆ. ರಾಜಿ ಕೈಯಲ್ಲಿ ಟಾರ್ಚು, ಬಾಯಲ್ಲಿ ಸೊಳ್ಳೆ ಎಳೆಯುವ ಗಾಜಿನ ಕೊಳವೆ.

"ದೊಡ್ಡವ್ವ, ಹೊಡೀಬ್ಯಾಡ. ಅಲ್ಲಾಡ್ಬ್ಯಾಡ. ಬೆದರಿದ್ರೆ ಕೂಸಿನ ಕಡೆ ಓಯ್ತವೆ."

ಮೊದಲನೆಯದು ಮಣಿಕಟ್ಟಿನ ಮೇಲೆ ಕೂತಿತು. ಹುಟ್ಟಿದಾಗಿನಿಂದ ಸೊಳ್ಳೆ ಕಂಡರೆ ತಾನಾಗಿ ಏಳುವ ಬಲಗೈಯನ್ನು ತೊಡೆಯ ಕೆಳಗೆ ಹಾಕಿ ಕೂತುಬಿಟ್ಟೆ. ರಾಜಿ ಬಗ್ಗಿ ಎಳೆದುಕೊಂಡಳು. ಮತ್ತೊಂದು ಮೊಣಕಾಲಿಗೆ, ಇನ್ನೆರಡು ಪಾದಕ್ಕೆ. ಅಡುಗೆ, ಪಾತ್ರೆ, ಹೂವು ಬಿಟ್ಟು ನಾನು ಇಷ್ಟು ಹೊತ್ತು ಸುಮ್ಮನೆ ಕೂತದ್ದು ನನ್ನ ಮದುವೆಯ ದಿನ ಮಾತ್ರ. ಒಳಗೆ ಕೂಸು ಅತ್ತಿತು. ಹಸಿವಿಗೋ? ಕಚ್ಚಿತೋ? "ಸೆಲ್ವೀ?" ಎಂದು ಪಿಸುಗುಟ್ಟಿದೆ. "ಹಾಲಿಗೆ ಅಮ್ಮಾ," ಎಂದಳು. ಅದರ ಪ್ರತಿ ಅಳುವಿಗೂ ನಾನು ಹೀಗೇ ಕೇಳಿದೆ, ಅವಳು ಹಾಗೇ ಹೇಳಿದಳು. ಮೈಯೆಲ್ಲ ಉರಿಯುತ್ತಿತ್ತು. ಬಾರದೆ ಹೋದವುಗಳ ಭಯದ ಮುಂದೆ ಬಂದು ಕಚ್ಚಿದವುಗಳ ಮೇಲೆ ನನಗೆ ಒಂದು ರೀತಿಯ ಪ್ರೀತಿಯೇ ಹುಟ್ಟಿತು.

ಬಹಳ ಹೊತ್ತು ಒಂದೂ ಬರಲಿಲ್ಲ. ರಾಜಿ ಟಾರ್ಚಿನಿಂದ ಮೂಲೆಮೂಲೆ ಹುಡುಕಿ ನಿಟ್ಟುಸಿರು ಬಿಟ್ಟಳು. ಕೊಳವೆಯಲ್ಲಿದ್ದವನ್ನು ಪಂಜರಕ್ಕೆ ಬಿಡಲು ಆಕಡೆ ತಿರುಗಿದಳು. ಅದೇ ಗಳಿಗೆಯಲ್ಲಿ ಒಳಕೋಣೆಯ ಬಾಗಿಲ ಚೌಕಟ್ಟಿನಿಂದ ಒಂದು ಎದ್ದಿತು. ಬಾಗಿಲ ಮೇಲಿನ ಸಂದಿಯ ಹತ್ತಿರ ಒಂದು ಸುತ್ತು ಹಾಕಿತು. ಆ ಸಂದಿಗೆ ನಾವು ಏನನ್ನೂ ತುರುಕಿರಲಿಲ್ಲ. ಬಾ ತಾಯೀ, ಇಲ್ಲಿ ಬಾ ಎಂದು ಮನಸ್ಸಿನಲ್ಲೇ ಕರೆದೆ. ಅದು ಕೆಳಗಿಳಿದು ಬಂದು ನನ್ನ ಕೆನ್ನೆಯ ಮೇಲೆ ಕೂತಿತು. ಬಾಯಿ ತೆರೆದರೆ ಹಾರುತ್ತದೆ, ರಾಜಿಯನ್ನು ಕರೆಯುವಂತಿಲ್ಲ. ಕಣ್ಣುಗುಡ್ಡೆಯೊಂದನ್ನೇ ಹೊರಳಿಸಿ ಅತ್ತೆಯ ಕಡೆ ನೋಡಿದೆ.

ಅತ್ತೆ ಎದ್ದದ್ದು ನನಗೆ ಕಾಣಲೇ ಇಲ್ಲ. ಫಟಾರ್ ಎಂದು ಬಿತ್ತು.

ಕಣ್ಣು ಬಿಟ್ಟಾಗ ಅವರು ದೀಪದ ಬೆಳಕಿಗೆ ಅಂಗೈ ಹಿಡಿದು ನೋಡುತ್ತಿದ್ದರು. ಅಂಗೈ ಮಧ್ಯೆ ಸೊಳ್ಳೆ ಅಪ್ಪಚ್ಚಿಯಾಗಿತ್ತು.

"ರಾಜೀ, ಇದಕ್ಕೆ ಯಾವ್ ಸೊಪ್ಪು ಬೇಕು ಅಂದೆ?" ಎಂದರು ಅತ್ತೆ.

ಮರುದಿನ ಪಂಜರಗಳು ವ್ಯಾನು ಹತ್ತಿದವು. ಕೂಸಿನ ಮೈಮೇಲೆ ಒಂದು ಕೆಂಪು ಚುಕ್ಕೆಯೂ ಇರಲಿಲ್ಲ. ಜ್ವರ ಬರಲಿಲ್ಲ, ತಿಂಗಳೊಳಗೆ ಎತ್ತಿಕೊಂಡರೆ ತೂಕ ತಿಳಿಯುವಂತಾಯಿತು. ನಾನು ರಾಜಿಯ ಶಾಸ್ತ್ರವನ್ನು ನನಗೆ ಬೇಕಾದಂತೆ ಒಪ್ಪಿಕೊಂಡಿದ್ದೇನೆ. ನನ್ನ ಅಜ್ಜಿ ತನ್ನ ಅತ್ತೆಯ ಮಾತಿಗೆ ಸಾಯಲಿಲ್ಲ, ನನ್ನ ತಾಯಿ ತನ್ನ ಅತ್ತೆಯ ಮಾತಿಗೆ ಸಾಯಲಿಲ್ಲ. ಹಾಗೆ ಉಳಿದವರ ಸಂತಾನ ನಾನು, ಮಾತು ನನಗೆ ತಾಗುವುದಿಲ್ಲ. ಆದರೆ ಅತ್ತೆಯ ಕೈ ನನಗೆ ಹೊಸ ಮದ್ದು. ಅಂದು ಅತ್ತೆ ಸೊಳ್ಳೆ ಕಂಡೇ ಹೊಡೆದರೆಂದು ಯಜಮಾನರು ಆಣೆ ಮಾಡಿ ಹೇಳುತ್ತಾರೆ, ಯಜಮಾನರೋ ಆಗ ಜಗಲಿಯಲ್ಲಿದ್ದರು. ಈಗಲೂ ಸಂಜೆ ಅತ್ತೆ ನನ್ನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರೆ ಸಾಕು, ನಾನೇ ಎರಡೂ ಕೆನ್ನೆ ಚೆನ್ನಾಗಿ ಉಜ್ಜಿಕೊಂಡು, "ಏನೂ ಇಲ್ಲ ಅತ್ತೆ," ಎಂದು ತೋರಿಸಿಬಿಡುತ್ತೇನೆ.